ಏರಿ ಕಾಯುವವರ ಪುಣ್ಯ

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ದಿನವೂ ನೂರಾರು ಜನ ನಡೆಯುತ್ತಾರೆ. ಊರಿಗೆ ಹೊಸಬರು ಜೊತೆಗಿದ್ದರೆ ಇದು ಕುವೆಂಪು ಅವರು ನಡೆದಾಡಿದ ದಾರಿ ಎಂದು ಹೇಳುತ್ತಾರೆ, ಹೆಜ್ಜಾರ್ಲೆಗಳನ್ನು ತೋರಿಸುತ್ತಾರೆ. ಈ ಕೆರೆ ಕಟ್ಟಿಸಿದವರು ಯಾರೆಂದು ಕೇಳಿದರೆ ಅನೇಕರಿಗೆ ಗೊತ್ತು: ಮುಮ್ಮಡಿ ಕೃಷ್ಣರಾಜ ಒಡೆಯರು, 1864. ಅಂದಿನಿಂದ ಇಂದಿನವರೆಗೆ ಈ ಏರಿಯನ್ನು ಕಾಯ್ದವರು ಯಾರೆಂದು ಕೇಳಿದರೆ ಯಾರಲ್ಲೂ ಉತ್ತರವಿಲ್ಲ. ಲಿಂಗಾಂಬುಧಿ ಕೆರೆಯ ಕಥೆಯೂ ಇದೇ. 1828ರಲ್ಲಿ ಅದನ್ನು ಅದೇ ಅರಸರು ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿಸಿದರು. ರಾಣಿಯ ಹೆಸರು ಕೆರೆಯಲ್ಲಿ ಉಳಿಯಿತು. ಆ ಏರಿಯ ಇಲಿ ಬಿಲ ಮುಚ್ಚಿದವನ, ತೂಬಿನ ಕಸ ತೆಗೆದವನ, ಮಳೆಯ ರಾತ್ರಿ ಕಂದೀಲು ಹಿಡಿದು ಕೋಡಿಯ ಬಳಿ ನಿಂತವನ ಹೆಸರು ಎಲ್ಲೂ ಇಲ್ಲ.

ಸಣ್ಣ ನೀರಾವರಿ ಕೆಲಸಕ್ಕೆ ಜೂನಿಯರ್ ಎಂಜಿನಿಯರ್ ಆಗಿ ಸೇರಿ, ಮೈಸೂರು ಮತ್ತು ಚಾಮರಾಜನಗರ ಸೀಮೆಯ ಕೆರೆಗಳನ್ನು ನೋಡುತ್ತಲೇ ನಿವೃತ್ತನಾದವನು ನಾನು. ಈಗ ಸರಸ್ವತೀಪುರಂನಲ್ಲಿ ಮನೆ. ಸೇವೆಯ ಕಾಲದಲ್ಲಿ ನನ್ನನ್ನು ಕಾಡಿದ ಪ್ರಶ್ನೆ ಲೆಕ್ಕಪತ್ರದ್ದಲ್ಲ, ಧರ್ಮದ್ದು. ಕೆರೆಯ ಪುಣ್ಯ ಕಟ್ಟಿಸಿದವರಿಗೆ ಸಲ್ಲುವುದೋ, ಕಾಯ್ದವರಿಗೋ? ಕಾಯುವುದಕ್ಕೆ ಅಡ್ಡ ಬರುವ ಭಕ್ತಿಯನ್ನು ಭಕ್ತಿ ಎನ್ನಬಹುದೇ? ಕೆರೆ ಒಡೆದರೆ ಅದು ದೈವದ ಮುನಿಸೋ, ನಮ್ಮ ಪಾಪವೋ? ಈ ಮೂರು ಪ್ರಶ್ನೆಗಳೂ ಒಂದೇ ಬೇರಿನವು ಎಂದು ನನಗೆ ಈಗ ಅನ್ನಿಸುತ್ತದೆ.

ಮೊದಲು ಏರಿ ಎಂದರೇನು ಎಂಬುದನ್ನು ಸರಿಯಾಗಿ ತಿಳಿಯಬೇಕು. ಹಳ್ಳಿಯ ಕೆರೆಯ ಏರಿ ಬರೀ ಮಣ್ಣು. ಒಳಮೈಗೆ ಅಲೆಯ ಹೊಡೆತ ತಡೆಯಲು ಕಲ್ಲುಹಾಸು, ಹೊರಮೈಗೆ ಹುಲ್ಲು, ಒಂದು ಕಡೆ ನೀರು ಬಿಡುವ ತೂಬು, ಇನ್ನೊಂದು ಕಡೆ ಹೆಚ್ಚಾದ ನೀರು ಹರಿದುಹೋಗುವ ಕೋಡಿ. ಇಷ್ಟೇ ಅದರ ಅಂಗಗಳು. ಇದರಲ್ಲಿ ಯಾವುದೂ ಒಮ್ಮೆ ಮಾಡಿ ಮುಗಿಯುವಂಥದ್ದಲ್ಲ. ಮಣ್ಣು ಪ್ರತಿ ಮಳೆಗೂ ಒಂದಿಷ್ಟು ಜಾರುತ್ತದೆ, ಏರಿಯ ತಲೆ ಕುಸಿಯುತ್ತದೆ, ಅಂಗಳದಲ್ಲಿ ಹೂಳು ಏರುತ್ತದೆ. ಕಟ್ಟಿದ ದಿನದಿಂದಲೇ ಏರಿಗೆ ಸವಕಲು ಶುರು. ನಾವು ನೋಡುತ್ತಿರುವ ಹಳೆಯ ಕೆರೆ ಹಳೆಯದಲ್ಲ. ನೂರಾರು ಬೇಸಿಗೆಗಳಲ್ಲಿ ಮತ್ತೆ ಮತ್ತೆ ಕಟ್ಟಿದ್ದು.

ಏರಿ ಒಡೆಯುವ ಬಗೆಯೂ ನಿಗೂಢವೇನಲ್ಲ. ಕೋಡಿ ಕಟ್ಟಿಕೊಂಡರೆ ನೀರು ಏರಿಯ ಮೇಲೆ ಹತ್ತುತ್ತದೆ. ಮಣ್ಣಿನ ಏರಿಯ ಮೇಲೆ ನೀರು ಹತ್ತಿತೆಂದರೆ ಕೆಲವು ಗಂಟೆಗಳಲ್ಲಿ ಕೆಲಸ ಮುಗಿಯುತ್ತದೆ. ಎರಡನೆಯದು ಒಳಗಿನಿಂದ ಬರುವ ಕೇಡು. ಏಡಿಯ ಬಿಲ, ಹೆಗ್ಗಣದ ಬಿಲ, ಗೆದ್ದಲಿನ ಗೂಡು, ಕಡಿದ ಮರದ ಕೊಳೆತ ಬೇರು, ಹಳೆಯ ತೂಬಿನ ಪಕ್ಕದ ಸಂದು, ಇವುಗಳಲ್ಲಿ ನೀರು ದಾರಿ ಹುಡುಕುತ್ತದೆ. ಮೊದಲು ಹೊರಮೈಯ ಬುಡದಲ್ಲಿ ತಿಳಿನೀರು ಒಸರುತ್ತದೆ. ಆ ಒಸರು ಒಂದು ದಿನ ಕೆಂಪಗಾದರೆ ನೀರು ಒಳಗಿನ ಮಣ್ಣನ್ನು ಹೊತ್ತು ತರುತ್ತಿದೆ ಎಂದು ಅರ್ಥ. ಆಮೇಲೆ ಬೋಂಗಾ ಬೀಳುವುದು ಸಮಯದ ಮಾತು. ಮೂರನೆಯದು ಮೈ ಜಾರುವುದು: ನೀರು ಕುಡಿದು ನೆನೆದ ಹೊರಮೈ, ಬುಡದಲ್ಲಿ ಯಾರೋ ಮಣ್ಣು ಅಗೆದುಕೊಂಡು ಹೋಗಿದ್ದರೆ, ಒಮ್ಮೆಗೇ ಕುಸಿಯುತ್ತದೆ.

ಈ ಮೂರರಲ್ಲಿ ಯಾವುದೂ ಒಂದು ರಾತ್ರಿಯಲ್ಲಿ ಹುಟ್ಟುವುದಿಲ್ಲ. ಒಡೆಯುವುದು ರಾತ್ರಿಯಾದರೂ ಕಾರಣ ಹಗಲಿನಲ್ಲಿ, ಎಲ್ಲರ ಕಣ್ಣೆದುರಿಗೆ, ವರ್ಷಗಟ್ಟಲೆ ಬೆಳೆದಿರುತ್ತದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಚೀನಾದ ಚಿಂತಕ ಹಾನ್ ಫೇಯಿ, ಉದ್ದನೆಯ ಒಡ್ಡು ಇರುವೆಯ ಬಿಲದಿಂದ ಹಾಳಾಗುತ್ತದೆ ಎಂದು ಅರಸರನ್ನು ಎಚ್ಚರಿಸಿದ್ದ. ಅದು ರಾಜನೀತಿಯ ಮಾತಾಗಿದ್ದರೂ ಏರಿಯ ಕೆಲಸ ಮಾಡಿದವನಿಗೆ ಅಕ್ಷರಶಃ ನಿಜ.

ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ನಿವೃತ್ತಿಯ ನಂತರ ಮಾನಸಗಂಗೋತ್ರಿಯಲ್ಲಿ ಕುಳಿತು ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳನ್ನು ಓದಿದಾಗ ಅದು ಪುಟಪುಟದಲ್ಲೂ ಕಂಡಿತು. ಕೆರೆ ಕಟ್ಟಿಸಿದ ಶಾಸನಗಳ ಜೊತೆಗೆ ಕೆರೆಯ ರಕ್ಷಣೆಗೆ ಬಿಟ್ಟ ಭೂಮಿಯ ಶಾಸನಗಳೂ ಇವೆ. ಬಿತ್ತುವಟ್ಟ, ಕೆರೆಗೊಡಗೆ, ಕಟ್ಟುಗೊಡಗೆ, ದಶವಂದ ಎಂಬ ಹೆಸರುಗಳಲ್ಲಿ ಗದ್ದೆಯನ್ನೋ ಬೆಳೆಯ ಪಾಲನ್ನೋ ದುರಸ್ತಿಗೆಂದು ಎತ್ತಿಟ್ಟಿದ್ದಾರೆ. ಹೂಳು ಹೊರುವ ಬಂಡಿಗೆ, ಅದನ್ನೆಳೆಯುವ ಕೋಣಗಳಿಗೆ, ಬಂಡಿಯ ಅಚ್ಚಿಗೆ ಹಾಕುವ ಎಣ್ಣೆಗೆ ಕೂಡ ದತ್ತಿ ಇದೆ. ಬಂಡಿಯ ಎಣ್ಣೆಯನ್ನು ಕಲ್ಲಿನಲ್ಲಿ ಕೊರೆಸಿದವರು ದೇವರ ನಂದಾದೀಪದ ಎಣ್ಣೆಯನ್ನೂ ಅದೇ ಕೈಯಲ್ಲಿ, ಅದೇ ಗೌರವದಲ್ಲಿ ಕೊರೆಸಿದರು. ಅವರಿಗೆ ಎರಡೂ ಧರ್ಮವೇ.

ದಾನಶಾಸನಗಳ ಕೊನೆಯಲ್ಲಿ ಬರುವ ಸಂಸ್ಕೃತ ಶ್ಲೋಕಗಳಲ್ಲಿ ಒಂದರ ತಾತ್ಪರ್ಯ ನನ್ನ ಮೊದಲ ಪ್ರಶ್ನೆಗೆ ನೇರ ಉತ್ತರದಂತಿದೆ. ಕೊಡುವವನಿಗೆ ಸ್ವರ್ಗ ಸಿಕ್ಕೀತು, ಆದರೆ ಹಿಂದಿನವರು ಕೊಟ್ಟದ್ದನ್ನು ಉಳಿಸಿಕೊಂಡು ಬಂದವನಿಗೆ ಅದಕ್ಕಿಂತ ಮೇಲಾದ, ಜಾರದ ಪದವಿ ಎನ್ನುತ್ತದೆ ಅದು. ಈ ಮಾತನ್ನು ಕೊರೆಸಿದವನು ಸ್ವತಃ ಕೊಡುತ್ತಿದ್ದವನು ಎಂಬುದನ್ನು ಗಮನಿಸಬೇಕು. ತನ್ನ ಪುಣ್ಯಕ್ಕಿಂತ ತನ್ನ ನಂತರ ಬರುವವನ ಪುಣ್ಯ ದೊಡ್ಡದೆಂದು ಅವನೇ ಒಪ್ಪಿ ಬರೆಸಿದ್ದಾನೆ. ಅದನ್ನು ಬರೆಸಿದ್ದರಲ್ಲಿ ವಿನಯವೂ ಇದೆ, ಅನುಭವವೂ ಇದೆ. ಕೊಡುವುದು ಒಂದು ದಿನದ ಕೆಲಸ, ಉಳಿಸುವುದಕ್ಕೆ ಕೊನೆಯಿಲ್ಲ ಎಂದು ಅವನಿಗೆ ಗೊತ್ತಿತ್ತು.

ಕೌಟಿಲ್ಯನ ಅರ್ಥಶಾಸ್ತ್ರ ಇನ್ನೂ ಲೆಕ್ಕಾಚಾರವಾಗಿ ಇದನ್ನೇ ಹೇಳುತ್ತದೆ. ಆ ಗ್ರಂಥ ಲೋಕಕ್ಕೆ ಮತ್ತೆ ಸಿಕ್ಕಿದ್ದೇ ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ. ಆರ್. ಶಾಮಾಶಾಸ್ತ್ರಿಗಳು ತಾಳೆಗರಿಯ ಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಹೊಸ ಕೆರೆ ಕಟ್ಟಿದವನಿಗೆ ಐದು ವರ್ಷ ಕರ ಮಾಫಿ, ಹಾಳುಬಿದ್ದ ಕೆರೆಯನ್ನು ಸರಿಮಾಡಿದವನಿಗೆ ನಾಲ್ಕು ವರ್ಷ, ಗಿಡಗಂಟಿ ಬೆಳೆದ ಕೆರೆಯನ್ನು ಚೊಕ್ಕಟ ಮಾಡಿದವನಿಗೆ ಮೂರು ವರ್ಷ ಎಂದು ಅದರಲ್ಲಿದೆ. ಕಟ್ಟುವುದಕ್ಕೂ ಸರಿಮಾಡುವುದಕ್ಕೂ ನಡುವೆ ಒಂದೇ ವರ್ಷದ ಅಂತರ. ನೀರು ತುಂಬಿದ ಕಟ್ಟೆಯನ್ನು ಒಡೆದವನನ್ನು ಅಲ್ಲಿಯೇ ಮುಳುಗಿಸಬೇಕೆಂಬ ಕಠಿಣ ಶಿಕ್ಷೆಯೂ ಇದೆ. ಅಂಥ ಶಿಕ್ಷೆಯನ್ನು ನಾವು ಇಂದು ಒಪ್ಪಲಾರೆವು. ಆದರೆ ಕಟ್ಟೆ ಒಡೆಯುವುದನ್ನು ಕೊಲೆಗೆ ಸಮವೆಂದು ಎಣಿಸಿದ್ದರಲ್ಲಿ ತಪ್ಪಿಲ್ಲ.

ಇಷ್ಟೆಲ್ಲ ಇದ್ದೂ ನಮ್ಮ ಜನಮನದಲ್ಲಿ ಕೆರೆಯೆಂದರೆ ಮೊದಲು ನೆನಪಾಗುವುದು ಬಲಿಯ ಕಥೆ. ‘ಕೆರೆಗೆ ಹಾರ’ ಕೇಳದ ಕನ್ನಡಿಗರು ಕಡಿಮೆ. ಕಲ್ಲನಕೇರಿ ಮಲ್ಲನಗೌಡ ಕಟ್ಟಿಸಿದ ಕೆರೆಗೆ ಹನಿ ನೀರೂ ಬರಲಿಲ್ಲ. ಜೋಯಿಸರು ಹೇಳಿದಂತೆ ಕಿರಿಯ ಸೊಸೆ ಭಾಗೀರಥಿಯನ್ನು ಕೊಟ್ಟರು. ದಂಡಿನಿಂದ ಬಂದ ಗಂಡ ಮಾದೇವರಾಯನೂ ಅದೇ ಕೆರೆಗೆ ಹಾರಿದ. ಹಾಡಿದ ಹೆಣ್ಣುಮಕ್ಕಳು ಆ ಗೌಡನ ಪರ ಹಾಡಲಿಲ್ಲ, ಭಾಗೀರಥಿಯ ಪರ ಹಾಡಿದರು. ತವರಿಗೆ ಹೋಗಿ ಬಂದ ಅವಳ ಮೌನ, ಗೆಳತಿಯ ಎದುರು ಬಿಚ್ಚಿದ ದುಃಖ, ಇವೇ ಆ ಹಾಡಿನ ಜೀವ. ನನ್ನ ಅವ್ವ ಅದನ್ನು ಹಾಡುವಾಗ ಕೊನೆಯ ಭಾಗಕ್ಕೆ ಬಂದು ನಿಲ್ಲಿಸಿಬಿಡುತ್ತಿದ್ದಳು.

ಎಂಜಿನಿಯರ್ ಆದ ಮೇಲೆ ಆ ಕಥೆಯ ಇನ್ನೊಂದು ಮಗ್ಗುಲು ನನಗೆ ಕಂಡಿತು. ಕೆರೆಗೆ ನೀರು ಬಾರದಿದ್ದಾಗ ಜೋಯಿಸರನ್ನು ಕೇಳಿದರು. ಜಲಾನಯನ ನೋಡಿದವರು, ಕಾಲುವೆಯ ಮಟ್ಟ ಅಳೆದವರು ಯಾರೂ ಆ ಹಾಡಿನಲ್ಲಿ ಇಲ್ಲ. ದೊಡ್ಡ ಬಲಿ ಕೊಡುವುದು ಮನುಷ್ಯನಿಗೆ ಸುಲಭ, ಏಕೆಂದರೆ ಅದನ್ನು ಕೊಡುವವರು ಯಾವಾಗಲೂ ಬೇರೆಯವರು. ಪ್ರತಿ ಬೇಸಿಗೆಯಲ್ಲಿ ಮನೆಗೊಂದಾಳು ಹಾರೆ ಬುಟ್ಟಿ ಹಿಡಿದು ಬರುವುದು ಕಷ್ಟ, ಅದನ್ನು ಕೊಡಬೇಕಾದವರು ನಾವೇ. ಕೆರೆ ಕೇಳುವುದು ಒಬ್ಬಳ ಜೀವವನ್ನಲ್ಲ, ಎಲ್ಲರ ಒಂದೊಂದು ದಿನವನ್ನು. ಆ ಒಂದೊಂದು ದಿನ ಕೊಡಲು ನಾವು ಹಿಂಜರಿದಾಗಲೇ ಅದು ಜೀವವನ್ನೇ ತೆಗೆದುಕೊಳ್ಳುತ್ತದೆ, ಅದೂ ಏರಿಯ ಕೆಳಗೆ ಮಲಗಿದವರ ಜೀವವನ್ನು.

ಎರಡನೆಯ ಪ್ರಶ್ನೆಯನ್ನು ನನಗೆ ಕಲಿಸಿದ್ದು ಹೆಗ್ಗಡದೇವನಕೋಟೆ ಕಡೆಯ ಒಂದು ಸಣ್ಣ ಕೆರೆ. ಅದರ ಏರಿಯ ಹೊರಮೈಯಲ್ಲಿ, ತಲೆಯಿಂದ ಸ್ವಲ್ಪ ಕೆಳಗೆ, ಆಳೆತ್ತರದ ಹುತ್ತ ಬೆಳೆದಿತ್ತು. ಅದರ ಮುಂದೆ ಎರಡು ನಾಗರಕಲ್ಲು, ಮೇಲೆ ಅರಿಶಿನ ಕುಂಕುಮ, ಪಕ್ಕದಲ್ಲಿ ತಾನಾಗಿ ಹುಟ್ಟಿದ ಒಂದು ಅರಳಿ ಗಿಡ. ಸುಬ್ಬರಾಯನ ಷಷ್ಠಿಯ ದಿನ ಊರ ಹೆಂಗಸರು ಅಲ್ಲಿಗೆ ಬಂದು ತನಿ ಎರೆಯುತ್ತಿದ್ದರು. ಆ ವರ್ಷ ಕೆರೆ ಮುಕ್ಕಾಲು ತುಂಬಿದಾಗ ಹುತ್ತದ ನೇರಕ್ಕೆ, ಏರಿಯ ಬುಡದಲ್ಲಿ ಒಸರು ಕಾಣಿಸಿತು. ನೀರು ತಿಳಿಯಾಗಿತ್ತು. ಆದರೂ ನನಗೆ ನಿದ್ರೆ ಬರಲಿಲ್ಲ. ಗೆದ್ದಲಿನ ಹುತ್ತ ಹೊರಗೆ ಕಾಣುವುದು ಎಷ್ಟೋ ಅಷ್ಟಕ್ಕಿಂತ ಒಳಗೆ ದೊಡ್ಡದು. ಬುಡದಿಂದ ಕವಲುಕವಲಾಗಿ ಹೋಗುವ ಅದರ ಸುರಂಗಗಳು ಏರಿಯ ಒಳಮೈಯತ್ತ ತಲುಪಿದ್ದರೆ, ಕೆರೆ ಪೂರ್ತಿ ತುಂಬಿದ ದಿನ ನೀರು ಆ ದಾರಿ ಹಿಡಿಯುತ್ತದೆ.

ಒಸರಿಗೆ ತಕ್ಷಣದ ಉಪಾಯ ಮಾಡಿದೆವು. ಒಸರುವ ಬಾಯಿಗೆ ಜೇಡಿಮಣ್ಣು ಮೆತ್ತಿ ಮುಚ್ಚೋಣ ಎಂದು ಊರಿನವರು ಮುಂದಾದರು, ತಡೆದೆ. ಹೊರಗಿನಿಂದ ಮುಚ್ಚಿದರೆ ನೀರಿನ ಒತ್ತಡ ಒಳಗೇ ಉಳಿದು ಇನ್ನೊಂದು ಕಡೆ ಬಾಯಿ ತೆರೆಯುತ್ತದೆ. ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ, ಕೊನೆಗೆ ಕಲ್ಲು, ಹೀಗೆ ಪದರ ಹಾಕಬೇಕು. ನೀರು ಹೊರಗೆ ಬರಲಿ, ಮಣ್ಣು ಮಾತ್ರ ಬರದಿರಲಿ. ಹಾಗೆಯೇ ಮಾಡಿದೆವು. ಆದರೆ ಹುತ್ತವನ್ನು ಅಗೆದು, ಸುರಂಗಗಳನ್ನು ಹಿಂಬಾಲಿಸಿ ಹೋಗಿ, ಹೊಸ ಮಣ್ಣು ತುಂಬುವ ಕೆಲಸ ಬೇಸಿಗೆಯಲ್ಲಿ ಆಗಲೇಬೇಕಿತ್ತು.

ಮಾಗಿ ಕಳೆದ ಮೇಲೆ ಊರಿನ ಕಟ್ಟೆಯಲ್ಲಿ ಮಾತು ಎತ್ತಿದೆ. ಗಂಡಸರು ಪೂಜಾರಿಯ ಮುಖ ನೋಡಿದರು. ಪೂಜಾರಿ ನೆಲ ನೋಡಿದ. ಮಾತಾಡಿದ್ದು ಒಬ್ಬ ಮುದುಕಿ. “ನೀವು ನಾಗಪ್ಪನ ಮನೆ ಕಿತ್ತಾಕ್ಬುಟ್ಟು ಮೈಸೂರಿಗೆ ಹೊಂಟೋಯ್ತೀರಿ ಸ್ವಾಮಿ. ನಾಳೆ ನನ್ನ ಮೊಮ್ಮಗಿಗೆ ಏನಾದ್ರೂ ಆದ್ರೆ ಯಾರು ಬತ್ತೀರಿ?” ಎಂದಳು. ಆಕೆಯ ಸೊಸೆಗೆ ಮದುವೆಯಾಗಿ ಬಹಳ ವರ್ಷ ಮಕ್ಕಳಾಗಿರಲಿಲ್ಲ. ಈ ಹುತ್ತಕ್ಕೆ ಹರಕೆ ಹೊತ್ತ ಮೇಲೆ ಹುಟ್ಟಿದ ಮಗು ಅದು.

ಆಕೆಯ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಆಗಲೂ ಮನಸ್ಸು ಬರಲಿಲ್ಲ, ಈಗಲೂ ಬರುವುದಿಲ್ಲ. ನನ್ನ ಭಯ ಏರಿಯ ಕೆಳಗಿನ ಮಕ್ಕಳದು, ಆಕೆಯ ಭಯ ತನ್ನ ಮಡಿಲ ಮಗುವಿನದು. ಎರಡು ಭಯಗಳೂ ಕಾಪಾಡುವುದಕ್ಕೇ ಹುಟ್ಟಿದವು. ಹುತ್ತಕ್ಕೆ ಹಾಲೆರೆಯುವವರ ಮನಸ್ಸಿನಲ್ಲಿರುವ, ನಾವೊಬ್ಬರೇ ಈ ನೆಲದ ಒಡೆಯರಲ್ಲ ಎಂಬ ಭಾವ ಇಲ್ಲದಿದ್ದರೆ ಕೆರೆಯೂ ಉಳಿಯುವುದಿಲ್ಲ. ಒತ್ತುವರಿ ಮಾಡುವವನಿಗೆ ಇಲ್ಲದಿರುವುದು ಆ ಭಾವವೇ. ಹಾಗಾಗಿ ಆಕೆಯ ಭಕ್ತಿಯನ್ನು ಸೋಲಿಸಿ ಏರಿಯನ್ನು ಗೆಲ್ಲಿಸುವುದು ನನಗೆ ಬೇಕಿರಲಿಲ್ಲ.

“ಅವ್ವ, ಹುತ್ತ ಕೀಳ್ಬೇಕು ಅಂತ ನಾನು ಹೇಳ್ತಿಲ್ಲ. ನಾಗಪ್ಪ ಇರೋ ಜಾಗ ಗಟ್ಟಿಯಾಗಿಲ್ಲ ಅಂತ ಹೇಳ್ತಿದೀನಿ” ಎಂದೆ. ಆಕೆಯನ್ನೂ ಪೂಜಾರಿಯನ್ನೂ ಏರಿಯ ಬುಡಕ್ಕೆ ಕರೆದುಕೊಂಡು ಹೋಗಿ, ಬೇಸಿಗೆಯಲ್ಲೂ ಹಸಿಯಾಗಿದ್ದ ನೆಲವನ್ನು ತೋರಿಸಿದೆ. ಆಕೆ ಕೈಯಿಂದ ಮಣ್ಣು ಮುಟ್ಟಿ ನೋಡಿದಳು, ಮೇಲಕ್ಕೆ ಹುತ್ತದತ್ತ ನೋಡಿದಳು, ಏನೂ ಹೇಳದೆ ಮನೆಗೆ ಹೋದಳು. ಮುಂದಿನ ಕೂಟದಲ್ಲಿ ತಾನಾಗಿಯೇ ಮಾತೆತ್ತಿದಳು: “ಏರಿ ಹೋದ್ರೆ ಅವನ ಮನೇನೂ ಹೋಯ್ತದೆ. ಅವನನ್ನ ಕೇಳಿ ಬೇರೆ ಕಡೆ ಕೂರಿಸ್ರಪ್ಪ.” ಪೂಜಾರಿ ಹೂ ಇಟ್ಟು ಅಪ್ಪಣೆ ಕೇಳಿದ. ಬಲಗಡೆ ಪ್ರಸಾದವಾಯಿತು. ನಾಗರಕಲ್ಲುಗಳನ್ನು ಏರಿಯಿಂದ ದೂರ, ಕೋಡಿಯಾಚೆಯ ಎತ್ತರದ ಜಾಗದಲ್ಲಿ ಕಟ್ಟೆ ಕಟ್ಟಿ ಕೂರಿಸಿದರು. ಅರಳಿ ಗಿಡವನ್ನೂ ಬೇರುಸಮೇತ ಒಯ್ದು ಅಲ್ಲೇ ನೆಟ್ಟರು. ಆಮೇಲೆ ಹುತ್ತ ಅಗೆದೆವು. ಒಂದು ಸುರಂಗ ಏರಿಯ ನಡುಮೈಯನ್ನೂ ದಾಟಿತ್ತು. ಅದರ ಕೊನೆ ಸಿಗುವವರೆಗೆ ಬಗೆದು, ಜೇಡಿಮಣ್ಣನ್ನು ನೀರು ಚಿಮುಕಿಸಿ, ಅರ್ಧ ಅಡಿ ಅರ್ಧ ಅಡಿಯಾಗಿ ಹರಡಿ, ಪ್ರತಿ ಪದರಕ್ಕೂ ದಮ್ಮಸು ಹಾಕಿ ಮೇಲೆತ್ತಿದೆವು. ಆ ಮಣ್ಣಿಗೆ ಮೊದಲ ಬುಟ್ಟಿ ಹಾಕಿದ್ದು ಆ ಮುದುಕಿ.

ಅಂದು ನನಗೆ ಖಚಿತವಾದದ್ದು ಇದು. ದೇವರಿಗೂ ಏರಿಗೂ ಜಗಳವಿಲ್ಲ. ಕಾಯುವುದನ್ನು ತಡೆಯುವುದು ಭಕ್ತಿಯಲ್ಲ, ಭಕ್ತಿಯೊಳಗೆ ಸೇರಿಕೊಂಡ ಭಯ. ಆ ಭಯಕ್ಕೆ ಗೌರವದಿಂದ ದಾರಿ ತೋರಿಸಿದರೆ ಅದೇ ಭಕ್ತಿ ಬುಟ್ಟಿ ಹೊರುತ್ತದೆ. ಆತುರಕ್ಕೆ ಬಿದ್ದು ರಾತ್ರೋರಾತ್ರಿ ಹುತ್ತ ಕೆಡವಿದ್ದರೆ ಏರಿ ಒಂದು ವರ್ಷ ಗಟ್ಟಿಯಾಗುತ್ತಿತ್ತು, ಊರು ಏರಿಯಿಂದ ಶಾಶ್ವತವಾಗಿ ದೂರವಾಗುತ್ತಿತ್ತು.

ಇಲ್ಲಿ ಶರಣರ ಮುಂದೆ ಬಂದ ಒಂದು ದೊಡ್ಡ ಪ್ರಶ್ನೆಯನ್ನು ನೆನೆಯಬೇಕು. ಹನ್ನೆರಡನೆಯ ಶತಮಾನದ ಸಿದ್ಧರಾಮ ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸಿದವನು. ಆ ಕೆರೆ ಇಂದಿಗೂ ಇದೆ. ಕೆರೆಯ ಕೆಲಸ ನಡೆಯುತ್ತಿದ್ದಲ್ಲಿಗೆ ಅಲ್ಲಮಪ್ರಭು ಬಂದು, ನಿಮ್ಮ ಒಡ್ಡರಾಮ ಎಲ್ಲಿ ಎಂದು ಕೇಳಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಕೆಲಸದವರು ಸಿಟ್ಟಿಗೆದ್ದು ಕಲ್ಲು ತೂರಿದರು, ಸಿದ್ಧರಾಮನೂ ಕೆರಳಿ ಬಂದ. ಕೊನೆಗೆ ಅಲ್ಲಮನ ಮಾತಿನಿಂದ ಅವನ ಒಳಗಣ್ಣು ತೆರೆಯಿತು, ಅವನು ಕಲ್ಯಾಣದ ದಾರಿ ಹಿಡಿದ.

ಈ ಪ್ರಸಂಗವನ್ನು ಓದಿ, ಅಲ್ಲಮ ಕೆರೆ ಕಟ್ಟುವುದನ್ನೇ ಹಳಿದ, ಅರಿವಿನ ಮುಂದೆ ಲೋಕದ ಕೆಲಸ ಕೀಳೆಂದ ಎಂದು ಹೇಳುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಅಲ್ಲಮನ ಕಣ್ಣು ಇದ್ದದ್ದು ಕೆರೆಯ ಮೇಲಲ್ಲ, ಕಟ್ಟಿದವನು ನಾನು ಎಂಬ ಭಾವದ ಮೇಲೆ. ನಾನು ಕಟ್ಟಿದೆ ಎಂಬುದಕ್ಕೆ ಕೆರೆ ಒಂದು ಸಾಕ್ಷಿಯಾಗಿಬಿಟ್ಟರೆ, ಕೆಲಸ ಪುಣ್ಯವಾದರೂ ಮನಸ್ಸಿಗೆ ಅದು ಸಂಕೋಲೆ. ಹಾಗಿದ್ದರೆ ಅಲ್ಲಮನ ಪ್ರಶ್ನೆಗೆ ಲೋಕದ ಕೆಲಸ ಬಿಡದೆಯೇ ಕೊಡಬಹುದಾದ ಉತ್ತರ ಒಂದಿದೆ, ಅದು ಕಾಯುವ ಕೆಲಸ. ಕಾಯುವವನಿಗೆ ಹೆಸರಿಲ್ಲ. ಅವನ ಕೆಲಸ ಚೆನ್ನಾಗಿ ನಡೆದಷ್ಟೂ ಏನೂ ನಡೆಯುವುದಿಲ್ಲ: ಏರಿ ಒಡೆಯುವುದಿಲ್ಲ, ಸುದ್ದಿಯಾಗುವುದಿಲ್ಲ, ಹಾರ ಬೀಳುವುದಿಲ್ಲ. ಮಳೆಗಾಲ ಸುಮ್ಮನೆ ಕಳೆದುಹೋಗುತ್ತದೆ. ನಾನು ಎಂಬುದಕ್ಕೆ ಅಲ್ಲಿ ನಿಲ್ಲಲು ಜಾಗವೇ ಇಲ್ಲ. ಕಾಯಕ ಎಂದು ಶರಣರು ಹೇಳಿದ್ದರ ಅತಿ ಶುದ್ಧ ರೂಪವನ್ನು ನಾನು ಕಂಡಿದ್ದು ಊರೂರಿನ ನೀರಗಂಟಿಗಳಲ್ಲಿ. ಬೆಳೆಯಲ್ಲಿ ಒಂದು ಪಾಲು ಪಡೆದು, ಸರದಿಯಂತೆ ಗದ್ದೆಗೆ ನೀರು ಬಿಟ್ಟು, ಮಳೆ ಬಂದ ರಾತ್ರಿ ಏರಿಯ ಮೇಲೆ ಎದ್ದಿರುತ್ತಿದ್ದ ಆ ಜನರಲ್ಲಿ ಹೆಚ್ಚಿನವರು ದಲಿತರು. ತಾವು ಕಾಯ್ದ ನೀರಿನಲ್ಲಿ ಬೆಳೆದ ಗದ್ದೆಯಲ್ಲಿ ಅವರಿಗೆ ಒಂದು ಗುಂಟೆಯೂ ಇರುತ್ತಿರಲಿಲ್ಲ. ಎಷ್ಟೋ ಊರುಗಳಲ್ಲಿ ಕೆರೆ ಕಟ್ಟಿಸಿದವರ ಗುಡಿಯೊಳಗೆ ಹೋಗುವ ಹಕ್ಕೂ ಇರಲಿಲ್ಲ. ಕಾಯ್ದವರ ಪುಣ್ಯ ದೊಡ್ಡದೆಂದು ಕಲ್ಲಿನಲ್ಲಿ ಬರೆದ ಸಮಾಜ ಕಾಯ್ದವರನ್ನು ಹೀಗೆ ನಡೆಸಿಕೊಂಡಿತು. ನಮ್ಮ ಧರ್ಮದ ಬಗ್ಗೆ ಮಾತಾಡುವಾಗ ಈ ಅನ್ಯಾಯವನ್ನು ಮುಚ್ಚಿಡಬಾರದು.

ಈಗ ಮೂರನೆಯ ಪ್ರಶ್ನೆ. ಏರಿ ಒಡೆದಾಗ ಎಲ್ಲ ಗಂಗಮ್ಮನ ಇಚ್ಛೆ ಎಂಬ ಮಾತು ಬರುತ್ತದೆ. ಮಳೆ ಗಂಗಮ್ಮನದೆಂದು ನಾನೂ ಒಪ್ಪುತ್ತೇನೆ. ಆದರೆ ಮೀನು ತಪ್ಪಿಸಿಕೊಳ್ಳಬಾರದೆಂದು ಕೋಡಿಗೆ ಬಲೆ ಕಟ್ಟಿದ್ದು ಅವಳಲ್ಲ. ಇನ್ನೊಂದು ಬೆಳೆಗೆ ನೀರು ನಿಲ್ಲಲಿ ಎಂದು ಕೋಡಿಯ ಮೇಲೆ ಮರಳ ಮೂಟೆ ಪೇರಿಸಿದ್ದು ಅವಳಲ್ಲ. ಏರಿಯ ಬುಡದ ಮಣ್ಣನ್ನು ಟ್ರ್ಯಾಕ್ಟರಿಗೆ ತುಂಬಿದ್ದೂ ಅವಳಲ್ಲ. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಎಂಬಲ್ಲಿ 2019ರ ಜುಲೈ 2ರ ರಾತ್ರಿ ಒಂದು ಸಣ್ಣ ಮಣ್ಣಿನ ಅಣೆಕಟ್ಟು ಒಡೆದು ಹದಿನೆಂಟಕ್ಕೂ ಹೆಚ್ಚು ಜನ ಸತ್ತರು. ಕಟ್ಟೆ ಸೋರುತ್ತಿದೆ ಎಂದು ಮೊದಲೇ ದೂರು ಕೊಟ್ಟಿದ್ದೆವು ಎಂದು ಊರಿನವರು ಹೇಳಿದರು. ಏಡಿಗಳು ಕಟ್ಟೆಯನ್ನು ಕೊರೆದವು ಎಂದು ಅಲ್ಲಿನ ಮಂತ್ರಿಯೊಬ್ಬರು ಹೇಳಿದರು. ಏಡಿ ಕೊರೆಯುವುದು ನಿಜ. ಏಡಿಗೆ ಅದು ಸ್ವಭಾವ. ಆ ಬಿಲ ಮುಚ್ಚುವುದು ಮನುಷ್ಯನ ಧರ್ಮ. ಪ್ರಕೃತಿ ತನ್ನ ಸ್ವಭಾವದಂತೆ ನಡೆದಾಗ ನಾವು ನಮ್ಮ ಧರ್ಮದಂತೆ ನಡೆಯಲಿಲ್ಲ ಎಂಬುದಕ್ಕೆ ದೈವವನ್ನು ಹೊಣೆ ಮಾಡುವುದು ದೈವನಿಂದೆ.

ಇಂದಿನ ಕಷ್ಟ ಹೊಣೆ ಯಾರದೆಂಬುದೇ ಹರಿದು ಹಂಚಿಹೋಗಿರುವುದು. 1369ರ ಪೋರುಮಾಮಿಳ್ಳ ಶಾಸನ ನೆನಪಾಗುತ್ತದೆ. ಈಗಿನ ಕಡಪ ಸೀಮೆಯಲ್ಲಿರುವ ಆ ಕೆರೆಯನ್ನು ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ. ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಇರಬಾರದ ಆರು ದೋಷಗಳನ್ನೂ ಆ ಶಾಸನ ಪಟ್ಟಿ ಮಾಡುತ್ತದೆ. ಮೊದಲ ದೋಷ ಏರಿಯಿಂದ ನೀರು ಒಸರುವುದು. ಇನ್ನೊಂದು ದೋಷ, ಕೆರೆ ಎರಡು ರಾಜ್ಯಗಳ ಗಡಿಯಲ್ಲಿರುವುದು. ಇಬ್ಬರು ಒಡೆಯರ ನಡುವಿನ ಕೆರೆಗೆ ಒಡೆಯನೇ ಇಲ್ಲ ಎಂದು ಅವರು ಕಂಡುಕೊಂಡಿದ್ದರು. ಇಂದು ನಮ್ಮ ಪ್ರತಿ ಹಳ್ಳಿಯ ಕೆರೆಯೂ ಅಂಥ ಗಡಿಯಲ್ಲಿದೆ. ನಲವತ್ತು ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನದು ಪಂಚಾಯತಿಗೆ, ಹೆಚ್ಚಿನದು ಸಣ್ಣ ನೀರಾವರಿಗೆ, ಮೀನಿನ ಗುತ್ತಿಗೆ ಒಂದು ಕಡೆ, ಮರಗಳ ಲೆಕ್ಕ ಇನ್ನೊಂದು ಕಡೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಹದಿನೈದು ಮೀಟರಿಗಿಂತ ಎತ್ತರದ ಕಟ್ಟೆಗಳನ್ನೂ ಕೆಲವು ಷರತ್ತಿಗೆ ಒಳಪಟ್ಟು ಹತ್ತರಿಂದ ಹದಿನೈದು ಮೀಟರಿನ ಕಟ್ಟೆಗಳನ್ನೂ ನೋಡಿಕೊಳ್ಳುತ್ತದೆ. ಊರ ಕೆರೆಯ ಏರಿ ಸಾಮಾನ್ಯವಾಗಿ ಆ ಎತ್ತರಕ್ಕೆ ಬರುವುದಿಲ್ಲ. ಕಾನೂನಿನ ಕಣ್ಣಿಗೆ ಅದು ಸಣ್ಣದು. ಕೆಳಗೆ ಮಲಗಿದವರಿಗೆ ಅದು ಸಣ್ಣದಲ್ಲ.

ಈಗ ಕೊಳವೆಬಾವಿ ಇದೆ, ನಾಲೆ ಇದೆ, ಕೆರೆ ಯಾರಿಗೆ ಬೇಕು ಎಂದು ಕೇಳುವವರಿಗೂ ಒಂದು ಮಾತು. ನಿಮಗೆ ಕೆರೆ ಬೇಡವಾದರೂ ಮಳೆಗೆ ಅದು ಬೇಕು. ಹತ್ತು ವರ್ಷ ಒಣಗಿದ್ದ ಕೆರೆ ಒಂದೇ ರಾತ್ರಿ ತುಂಬಬಲ್ಲದು, ಬಿರುಕು ಬಿಟ್ಟ ಒಣ ಏರಿಯ ಮೇಲೆ ಮೊದಲ ನೀರು ಬೀಳುವ ಆ ರಾತ್ರಿಯೇ ಅಪಾಯದ ರಾತ್ರಿ. ಮೈಸೂರಿನಂಥ ಊರಿಗೆ ಇದು ಇನ್ನಷ್ಟು ಅನ್ವಯಿಸುತ್ತದೆ. ಹಿಂದೆ ಏರಿಯ ಕೆಳಗೆ ಭತ್ತದ ಗದ್ದೆ ಇರುತ್ತಿತ್ತು. ಏರಿ ಒಡೆದರೆ ಒಂದು ಬೆಳೆ ಹೋಗುತ್ತಿತ್ತು. ಇಂದು ಲಿಂಗಾಂಬುಧಿಯಂಥ ಕೆರೆಗಳ ಸುತ್ತ ಬಡಾವಣೆಗಳು ಎದ್ದಿವೆ. ಬೆಂಗಳೂರಿನ ಹುಳಿಮಾವು ಕೆರೆಯ ಏರಿ 2019ರ ನವೆಂಬರ್ 24ರಂದು ಒಡೆದಾಗ ಮಳೆಯ ಅಬ್ಬರವೇನೂ ಇರಲಿಲ್ಲ. ಏರಿಯನ್ನು ಅಗೆದದ್ದೇ ಕಾರಣವಾಯಿತು, ನೂರಾರು ಮನೆಗಳಿಗೆ ನೀರು ನುಗ್ಗಿತು. ಏರಿಯ ಕೆಳಗೆ ಮನೆ ಕೊಂಡವನಿಗೆ ತಾನು ಏರಿಯ ಕೆಳಗಿದ್ದೇನೆ ಎಂಬುದೇ ಗೊತ್ತಿರುವುದಿಲ್ಲ. ಹಾಗೆ ತಿಳಿಯದೆ ಮಲಗಿದವನ ಬಗೆಗಿನ ಹೊಣೆಯೇ ಧರ್ಮದ ಕಟ್ಟಕಡೆಯ ಪರೀಕ್ಷೆ. ಅವನು ನಮ್ಮ ನೆಂಟನಲ್ಲ, ನಮ್ಮ ಜಾತಿಯವನಲ್ಲ, ನಮಗೆ ಎಂದೂ ಕೃತಜ್ಞತೆ ಹೇಳುವವನೂ ಅಲ್ಲ. ಅವನಿಗಾಗಿ ಮಾಡಿದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ.

ಕೆರೆ ತುಂಬಿದಾಗ ಬಾಗಿನ ಕೊಡುವ ಸಂಪ್ರದಾಯ ಚೆಂದದ್ದು, ಅದು ಉಳಿಯಬೇಕು. ಅದರ ಜೊತೆಗೆ ಪ್ರತಿ ಊರೂ ಬೇಸಿಗೆಯಲ್ಲಿ, ಕೆರೆ ಬತ್ತಿ ತೂಬಿನ ಬಾಯಿ ಕಾಣುವ ಹೊತ್ತಿನಲ್ಲಿ, ಏರಿಯ ಪೂಜೆ ಎಂದು ಒಂದು ದಿನ ಇಟ್ಟುಕೊಳ್ಳಲಿ ಎಂಬುದು ನನ್ನ ಬಿನ್ನಹ. ಆ ದಿನ ಕಾಯಿ ಒಡೆದ ಮೇಲೆ ಊರೆಲ್ಲ ಸೇರಿ ಏರಿಯ ಮೇಲಲ್ಲ, ಏರಿಯ ಬುಡದಲ್ಲಿ ಈ ತುದಿಯಿಂದ ಆ ತುದಿಗೆ ನಡೆಯಲಿ. ಕೋಡಿಯಲ್ಲಿ ಬಲೆ, ಮೂಟೆ, ಗಿಡ ಏನಿದ್ದರೂ ಅಂದೇ ತೆಗೆಯಲಿ. ಜಾಲಿ, ಲಾಂಟಾನ ಇನ್ನೂ ಎಳೆಯದಿರುವಾಗಲೇ ಕಿತ್ತು ಹುಲ್ಲು ಬೆಳೆಯಲು ಬಿಡಲಿ. ಬಲಿತ ಮರವಿದ್ದರೆ ಕಡಿದು ಬುಡ ಕೊಳೆಯಲು ಬಿಡದೆ, ತಿಳಿದವರನ್ನು ಕರೆದು ತೋರಿಸಲಿ. ಬಿಲ ಕಂಡಲ್ಲಿ ಗುರುತು ಹಾಕಿ, ಬಗೆದು, ಮಣ್ಣು ತುಂಬಿ ದಮ್ಮಸು ಹಾಕಲಿ. ಏರಿಯ ತಲೆ ಕುಸಿದ ತಗ್ಗುಗಳಿಗೆ ಮಣ್ಣು ಹಾಕಲಿ. ಒಸರು ಇದ್ದಲ್ಲಿ ಕಲ್ಲು ನೆಟ್ಟು, ಮಳೆಗಾಲದಲ್ಲಿ ಅದರ ನೀರಿನ ಬಣ್ಣ ನೋಡಲು ಒಬ್ಬರನ್ನು ನೇಮಿಸಲಿ, ಅವರಿಗೆ ಊರು ಮರ್ಯಾದೆಯ ಸಂಬಳ ಕೊಡಲಿ. ಈ ಕೆಲಸಗಳಲ್ಲಿ ಹೆಚ್ಚಿನವಕ್ಕೆ ಟೆಂಡರ್ ಬೇಡ, ಮಂತ್ರಿ ಬೇಡ, ಶಂಕುಸ್ಥಾಪನೆಯ ಕಲ್ಲು ಬೇಡ. ಹಾರೆ, ಬುಟ್ಟಿ ಮತ್ತು ವರ್ಷಕ್ಕೆ ಒಂದು ದಿನ ಸಾಕು.

ಓದುಗರಲ್ಲಿ ಹಳ್ಳಿಯ ನಂಟು ಉಳಿಸಿಕೊಂಡವರು ಬಹಳ ಮಂದಿ ಇದ್ದೀರಿ. ಈ ಸಲ ಊರ ಜಾತ್ರೆಗೆ ಹೋದಾಗ ದೇವಸ್ಥಾನಕ್ಕೆ ಕೊಡುವ ಕಾಣಿಕೆಯಲ್ಲಿ ಅರ್ಧವನ್ನು ಏರಿಯ ಹೆಸರಿಗೆ ಬರೆಸಿ. ನಿಮ್ಮ ಹೆಸರು ಹಾಕಿಸಬೇಡಿ.